ಮಹಾನಂದಕ್ಕ ಮತ್ತು ಗೌರಿಯ ಸೀಟು

ಮೊದಲ ಭೇಟಿಯಲ್ಲೇ ನರ್ಸರಿಯ ಮಹಾನಂದಕ್ಕ ನನ್ನ ಕೈಗೊಂದು ಸ್ಟೀಲಿನ ಲೋಟ ಕೊಟ್ಟು, "ನೀರ ಬಾಯಾಗ ಹಿಡೀರಿ ಅಣ್ಣಾ, ನುಂಗಬ್ಯಾಡ್ರಿ. ಕೂಸು ಮಾತಾಡಿದ ಮ್ಯಾಲ ನುಂಗ್ರಿ" ಎಂದರು. ಅವರು ನನ್ನ ಮಗಳು ಗೌರಿಗೆ ಕೇಳಿದ ಮೂರು ಪ್ರಶ್ನೆಗೂ ನಾನೇ ಉತ್ತರ ಕೊಟ್ಟಿದ್ದೆ. ಇಪ್ಪತ್ತು ವರ್ಷ ದನದ ಸಂತೆಗಳಲ್ಲಿ ದಲಾಲಿ ಮಾಡಿ, ಆಮೇಲೆ ಮಹಾರಾಷ್ಟ್ರದ ಉಮರ್ಗಾದಲ್ಲಿ ದನದ ಹಿಂಡಿಯ ಸ್ವಂತ ಅಂಗಡಿ ಇಟ್ಟವನು ನಾನು. ನನ್ನ ಮಾತು ನಿಲ್ಲಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಕೆನ್ನೆ ನೋಯುವ ತನಕ ನೀರು ಹಿಡಿದುಕೊಂಡು ನಿಂತೆ. ಗೌರಿ ತುಟಿ ಬಿಚ್ಚಲಿಲ್ಲ. ಕೊನೆಗೆ ಅಂಗಳಕ್ಕೆ ಹೋಗಿ ಉಗುಳಿ ಬಂದೆ.

"ನೋಡಿದ್ರ್ಯಾ? ಕೂಸಿಗಿಂತ ನಿಮಗಽ ಅವಸರ ಜಾಸ್ತಿ ಅದ" ಎಂದು ಅಕ್ಕ ನಕ್ಕರು.

ಅವಸರಕ್ಕೆ ಕಾರಣವಿತ್ತು. ಲಾತೂರ ರಸ್ತೆಯಲ್ಲಿ ಬ್ರಿಟಿಷ್ ಪದ್ಧತಿಯ ಶಾಲೆಯೊಂದು ಹೊಸದಾಗಿ ತೆರೆದಿತ್ತು. ಅಲ್ಲಿ ಪರೀಕ್ಷೆ ಇಲ್ಲ. ಮಗುವನ್ನು ಅರ್ಧ ತಾಸು ಆಟಿಕೆಗಳ ನಡುವೆ ಬಿಟ್ಟು ನೋಡುತ್ತಾರೆ, ಅಷ್ಟೇ. ಮೂರೂವರೆ ವರ್ಷದ ನನ್ನ ಮಗಳು ಆ ಅರ್ಧ ತಾಸೂ ಕೈಕಟ್ಟಿ ಕೂತಿದ್ದಳು. "ಇನ್ನೂ ತಯಾರಾಗಿಲ್ಲ. ಒಳ್ಳೆಯ ನರ್ಸರಿಗೆ ಹಾಕಿ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಕರೆತನ್ನಿ. ಆಗಲೂ ಹೀಗೇ ಆದರೆ ಸೀಟು ಬೇರೆಯವರಿಗೆ" ಎಂದರು. ನಾನು ಏಳನೇ ತರಗತಿಗೆ ಸಾಲೆ ಬಿಟ್ಟವನು. ಹೈದರಾಬಾದಿನ ಹಿಂಡಿ ಕಂಪನಿಯ ಮೀಟಿಂಗುಗಳಲ್ಲಿ, ಇಂಗ್ಲಿಷ್ ಶುರುವಾದ ಕೂಡಲೇ, ಹಿಂದಿನ ಕುರ್ಚಿ ಹುಡುಕುತ್ತಿದ್ದೆ. ಮಗಳು ಆ ಕುರ್ಚಿಯಲ್ಲಿ ಕೂರಬಾರದೆಂಬುದೊಂದೇ ನನ್ನ ಹಟ.

ನರ್ಸರಿ ಹುಡುಕುತ್ತ ಮೂರು ಊರು ತಿರುಗಿದೆ. ಉಮರ್ಗಾದಲ್ಲಿ ಬೆತ್ತ ಎತ್ತಿದರೆ ಸಾಕು, ಮಕ್ಕಳು ಒಂದೇ ಉಸಿರಿನಲ್ಲಿ ಎ ಬಿ ಸಿ ಡಿ ಒದರುತ್ತಿದ್ದರು. ಉದಗೀರದಲ್ಲಿ ಗೇಟಿನ ಮೇಲೆ ಬ್ರಿಟಿಷರ ಬಾವುಟದ ಚಿತ್ರ, ಮಾರ್ಚ್ ತಿಂಗಳ ಬಿಸಿಲಿನಲ್ಲೂ ಮಕ್ಕಳಿಗೆ ಕೋಟು, ಟೈ. "ಏಕದಮ್ ಬ್ರಿಟಿಷ್ ಸಾಹೇಬ್!" ಎಂದ ಅಲ್ಲಿಯ ಮಾಲೀಕ. ಕೊಂಬಿಗೆ ಬಳಿದ ಬಣ್ಣ ನೋಡಿ ಎತ್ತು ಕೊಳ್ಳುವವನಲ್ಲ ನಾನು. ಮಕ್ಕಳು ಕೈ ತೊಳೆಯುವ ಜಾಗ ತೋರಿಸಿರೆಂದೆ. ನಲ್ಲಿ ನನ್ನ ಎದೆಮಟ್ಟಕ್ಕಿತ್ತು. "ಆಯಾ ತೊಳೀತಾಳ್ರಿ" ಎಂದ. ಅಲ್ಲಿಂದಲೇ ತಿರುಗಿ ಬಂದೆ. ಈಗಲೂ ನನ್ನ ಅಂಗಡಿಗೆ ಬಂದು ನರ್ಸರಿ ಬಗ್ಗೆ ಕೇಳುವವರಿಗೆ ಇದನ್ನೇ ಹೇಳುತ್ತೇನೆ: ಗೋಡೆಯ ಚಿತ್ರ ನೋಡಬೇಡಿ, ಫೀಸಿನ ಮಾತು ಆಮೇಲಿರಲಿ; ಮಗುವಿಗೆ ನಲ್ಲಿ ಎಟಕುತ್ತದೋ ಇಲ್ಲವೋ ನೋಡಿ.

ಮಹಾನಂದಕ್ಕನ ನಲ್ಲಿ ನನ್ನ ಮೊಣಕಾಲಿನಷ್ಟಿತ್ತು. ನಿಲಂಗಾದಲ್ಲಿ, ನನ್ನ ಹೆಂಡತಿ ಸುನೀತಾಳ ತವರಿನ ಓಣಿಯಲ್ಲೇ, ಮಠದ ಮಗ್ಗುಲಿನ ಎರಡು ಕೋಣೆಗಳಲ್ಲಿ ಹನ್ನೆರಡು ಮಕ್ಕಳ ನರ್ಸರಿ. ಅಕ್ಕನ ಅಪ್ಪ ಮನೆಮನೆಗೆ ಹೋಗಿ ಪೂಜೆ ಮಾಡಿಸುತ್ತಿದ್ದ ಜಂಗಮ ಸ್ವಾಮಿಗಳು. ಅಕ್ಕ ಮಾತ್ರ ಮಸ್ಕತ್ತಿಗೆ ಹೋಗಿ ಅಲ್ಲಿಯ ಬ್ರಿಟಿಷ್ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಂಡು ವರ್ಷಗಟ್ಟಲೆ ದುಡಿದು ಬಂದಿದ್ದರು. ಹಣೆಯ ತುಂಬ ವಿಭೂತಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ದಿನಾ ಬೆಳಿಗ್ಗೆ ಅರಿಶಿನ ಹಾಕಿ ಗೋಧಿ ಹಿಟ್ಟು ನಾದಿ, ಮಕ್ಕಳ ಆಟಕ್ಕೆಂದು ತಗ್ಗು ಕಟ್ಟೆಯ ಮೇಲಿಡುತ್ತಿದ್ದರು. ಪಕ್ಕದಲ್ಲಿ ಕಟ್ಟಿಗೆಯ ತುಂಡುಗಳು, ಮಣಿಗಳು. ಏನು ಬೇಕೋ ಮಗುವೇ ಕೇಳಿ ತೆಗೆದುಕೊಳ್ಳಬೇಕು. ಯಾರೂ ಕೈಗೆ ಕೊಡುವುದಿಲ್ಲ.

"ಅಕ್ಕಾ, ಮೂರು ತಿಂಗಳದಾಗ ಸೀಟ ಸಿಗ್ತದಂತ ಗ್ಯಾರಂಟಿ ಕೊಡ್ರಿ" ಎಂದೆ.

"ನಿಮ್ಮ ಹಿಂಡಿ ತಿಂದ ಎಮ್ಮಿ ಎಷ್ಟು ಹಾಲು ಕೊಡ್ತದಂತ ಬರದು ಕೊಡ್ತೀರೇನು?"

ಜೇಬಿನಿಂದ ಫೀಸು ತೆಗೆದು ಎಣಿಸಿ ಕೊಟ್ಟೆ. ಗೌರಿಯನ್ನು ಅಲ್ಲೇ ಬಿಟ್ಟೆವು; ವಾರದ ದಿನಗಳಲ್ಲಿ ತಾಯಿ ಮಗಳು ತವರಿನಲ್ಲೇ ಉಳಿದರು.

ಹತ್ತನೆಯ ದಿನ ಅಕ್ಕನ ಫೋನ್ ಬಂತು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಓಡಿದೆ. ಅಕ್ಕ ನನ್ನನ್ನು ಬಾಗಿಲ ಹಿಂದೆ ನಿಲ್ಲಿಸಿ, "ನಿಮ್ಮ ಪೋರಿ ಒಂಬತ್ತು ದಿನ ಒಂದು ಸಾಮಾನ ಸೈತ ಮುಟ್ಟಿಲ್ಲ. ಈಗ ಆಕಿ ಕಣ್ಣ ನೋಡ್ರಿ" ಎಂದರು. ಗೌರಿ ಕಟ್ಟಿಗೆಯ ತುಂಡುಗಳನ್ನೇ ದಿಟ್ಟಿಸುತ್ತಿದ್ದಳು. ಪಕ್ಕದ ಹುಡುಗಿ ಹಿಟ್ಟಿನ ಉಂಡೆ ಎತ್ತಿಕೊಂಡಾಗ ಮಾತ್ರ ಅವಳ ಬೆರಳುಗಳು ಮಡಿಚಿಕೊಂಡವು.

"ಆಕಿಗಿ ಬೇಕಾಗಿದ್ದು ಹಿಟ್ಟು. ನೋಡೂದು ಕಟಗಿ. ಇದ್ಯಾವ ವಿದ್ಯಾ? ಯಾರು ಕಲಿಸ್ಯಾರ?"

ಕಲಿಸಿದವನು ನಾನೇ. ಸಂತೆಯಲ್ಲಿ ದರ ಮಾತಿನಲ್ಲಿ ಆಗುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು, ಎಣಿಸಿ ಆಗುತ್ತದೆ. ಮುಖ ಏನನ್ನೂ ತೋರಬಾರದು. ಮನಸ್ಸಿಗೆ ಬಂದ ಎತ್ತನ್ನು ಬಿಟ್ಟು ಪಕ್ಕದ್ದನ್ನು ನೋಡಬೇಕು. ಗೌರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಟದಂತೆ ಇದನ್ನು ಹೇಳಿಕೊಟ್ಟಿದ್ದೆ. ಬಳೆ ಅಂಗಡಿಯಲ್ಲಿ ಅವಳು ಹಸಿರು ಬಳೆ ಬೇಕಿದ್ದರೂ ಕೆಂಪನ್ನು ನೋಡುತ್ತ ಕೂತಾಗ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದ್ದೆವು. ಅಪ್ಪನ ಮಗಳು ಎಂದಿದ್ದೆವು.

ಎಲ್ಲ ಕೇಳಿದ ಅಕ್ಕ ಈ ಸಲ ನಗಲಿಲ್ಲ. "ಎದುರಿನ ವ್ಯಾಪಾರಿಗಿ ಗೊತ್ತಾಗಬಾರದಂತ ಕಲಿಸೀರಿ. ಹೆತ್ತ ತಾಯಿಗೂ ಗೊತ್ತಾಗದಂಗ ಆಗ್ಯದ. ಆ ಸಾಲ್ಯಾಗ ಇಂಗ್ಲಿಷ್ ನೋಡಂಗಿಲ್ಲ ಅಣ್ಣಾ, ಕೂಸು ತನಗೇನು ಬೇಕಂತ ಹೇಳ್ತದೋ ಇಲ್ಲೋ ನೋಡ್ತಾರ. ಇವತ್ತಿನಿಂದ ಮನ್ಯಾಗ ನೀವು ಮದಲ ಹೇಳ್ರಿ. ನನಗ ಇದು ಬೇಕು ಅಂತ, ಸೀದಾ."

ಸುಲಭವೆಂದುಕೊಂಡೆ. ಆ ಶನಿವಾರ ಮನೆಯಲ್ಲಿ, "ಭಾಳ ಬಿಸಲದಲ್ಲ" ಎಂದೆ. ಸುನೀತಾ ಮಜ್ಜಿಗೆ ತಂದಿಟ್ಟಳು. ಹತ್ತು ವರ್ಷದ ಸಂಸಾರದಲ್ಲಿ ಮಜ್ಜಿಗೆ ಬೇಕು ಎಂದು ನಾನು ಒಮ್ಮೆಯೂ ಬಾಯಿಬಿಟ್ಟು ಕೇಳಿಲ್ಲವೆಂಬುದು ಆಗ ಹೊಳೆಯಿತು. ಮರುದಿನ "ನನಗ ಚಹಾ ಬೇಕು" ಎಂದಾಗ ಸುನೀತಾ, "ಜ್ವರಾ ಬಂದಾವೇನ್ರೀ?" ಎಂದು ಹಣೆ ಮುಟ್ಟಿದಳು. ಗೌರಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಎರಡು ತಿಂಗಳು ಹೀಗೇ ಹೋದವು. ಗೌರಿ ಒಂದು ದಿನ ಹಿಟ್ಟು ಬೇಕು ಎನ್ನುತ್ತಿದ್ದಳು, ಮೂರು ದಿನ ಮತ್ತೆ ಮೌನ. ಲಾತೂರ ರಸ್ತೆಯ ಶಾಲೆಗೆ ಇನ್ನೊಮ್ಮೆ ಹೋಗುವ ಬೆಳಿಗ್ಗೆ ಅಕ್ಕ ಕಾರಿನ ತನಕ ಬಂದರು. "ಸೀಟ ಸಿಗಲಿಲ್ಲಂದ್ರ ಬರ್ತಾ ಗಾಡ್ಯಾಗ ಕೂಸಿನ ಮುಂದ ಪಿಟ್ ಅನಬ್ಯಾಡ್ರಿ" ಎಂದಷ್ಟೇ ಹೇಳಿ, ಗೌರಿಯ ಕೆನ್ನೆಗೆ ಅರಿಶಿನದ ಬೆರಳು ಒತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಶಾಲೆಯಲ್ಲಿ ನಮ್ಮನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಗೌರಿಯ ಮುಂದೆ ಮೂರು ಬುಟ್ಟಿ: ತುಂಡುಗಳು, ಬಣ್ಣಗಳು, ನೀಲಿ ಹಿಟ್ಟು. ಅವಳ ಕಣ್ಣು ತುಂಡುಗಳ ಮೇಲೆ ಹೋಗಿ ನಿಂತಿತು. ಐದು ನಿಮಿಷ. ಹತ್ತು. ಟೀಚರ್ ಹಾಳೆಯ ಮೇಲೆ ಏನೋ ಬರೆದುಕೊಂಡರು. ಕೂಗಿಬಿಡಬೇಕೆಂದು ನನ್ನ ನಾಲಿಗೆ ಒದ್ದಾಡಿತು. ಸುನೀತಾ ನನ್ನ ಮುಂಗೈಗೆ ಉಗುರು ನಾಟಿಸಿ ಹಿಡಿದಳು. ಟೀಚರ್ ಬುಟ್ಟಿಗಳನ್ನು ಒಂದೊಂದಾಗಿ ತೆಗೆದಿಡತೊಡಗಿದರು. ತುಂಡು ಹೋಯಿತು. ಬಣ್ಣ ಹೋಯಿತು. ಮೂರನೆಯದಕ್ಕೆ ಕೈ ಹಾಕಿದಾಗ ಗೌರಿ ಎರಡೂ ಕೈಯಿಂದ ಬುಟ್ಟಿಯ ಅಂಚು ಹಿಡಿದು ಕೂಗಿದಳು: "ಒಯ್ಯಬ್ಯಾಡ್ರಿ! ನಂಗ ಹಿಟ್ಟು ಬೇಕು!"

ಆ ಟೀಚರಿಗೆ ಕನ್ನಡ ಬರುತ್ತಿರಲಿಲ್ಲ. ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟರು.

ವಾರದಲ್ಲಿ ಸೀಟು ಸಿಕ್ಕ ಪತ್ರ ಬಂತು. ಪೇಡೆ ಕಟ್ಟಿಸಿಕೊಂಡು ನಿಲಂಗಾಕ್ಕೆ ಹೊರಡುವವರಿದ್ದೆವು. ಅಷ್ಟರಲ್ಲಿ ಅತ್ತೆ ಫೋನ್ ಮಾಡಿದರು: ಬೆಳಿಗ್ಗೆ ಹಿಟ್ಟು ನಾದುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದ ಅಕ್ಕ ಲಿಂಗೈಕ್ಯರಾದರು.

ನಾವು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನರ್ಸರಿಯ ಬಾಗಿಲಿಗೆ ಬೀಗ. ಗೌರಿ ಆ ಬಾಗಿಲನ್ನೇ ನೇರ ನೋಡುತ್ತ ನನ್ನ ಅಂಗಿ ಜಗ್ಗಿದಳು. "ಅಪ್ಪಾ, ನಂಗ ಅಕ್ಕ ಬೇಕು."

ಕೇಳಿದ್ದು ಇಲ್ಲದಿದ್ದರೆ ಬೇರೆಯದನ್ನು ಮುಂದಿಡುವುದು ದಲಾಲಿಯವನ ರೂಢಿ. ಐಸ್‌ಕ್ರೀಮು, ಬಲೂನು, ಏನೇನೋ ನಾಲಿಗೆಯ ತುದಿಗೆ ಬಂದವು. ಒಂದನ್ನೂ ಹೇಳಲಿಲ್ಲ. ಅವಳನ್ನು ಎತ್ತಿಕೊಂಡು, "ನಂಗೂ ಬೇಕವ್ವಾ" ಎಂದೆ.