ಏರಿನಲ್ಲಿ ನಿಲ್ಲುವ ಕಾರು

ನಮ್ಮ ಭಾವ ಮಾತಾಡುವುದು ಕಡಿಮೆ; ಅವರ ಪರವಾಗಿ ಅವರ ಕಾರೇ ಗಂಟಲು ಹರಿದುಕೊಳ್ಳುತ್ತಿತ್ತು. ಸಣ್ಣ ಕಾರುಗಳ ಎಂಜಿನ್ ಟ್ಯೂನ್ ಮಾಡಿ, ಸೈಲೆನ್ಸರ್ ಪೈಪು ಬದಲಿಸಿ, ಬೀದಿಯಲ್ಲಿ ಓಡುವ ಗಾಡಿಗೆ ಹೊಸ ಜೀವ ತುಂಬುವುದು ಅವರ ಕಸುಬು. ಮನೆಯ ಕೆಳಗೇ ಶೆಡ್ಡು.

ಅವರದೊಂದು ಪದ್ಧತಿಯಿದೆ. ಗಿರಾಕಿಯ ಪಕ್ಕ ಕೂತು ಒಂದು ಸುತ್ತು ಹೋಗಿಬರದೆ ಬಾನೆಟ್ ಎತ್ತುವವರಲ್ಲ. ದಾರಿಯುದ್ದಕ್ಕೂ ರಸ್ತೆಯನ್ನಲ್ಲ, ಓಡಿಸುವವರ ಪಾದವನ್ನೇ ನೋಡುತ್ತಾರೆ. ಒದೆಯುವ ಕಾಲಿಗೆ ಟ್ಯೂನಿಂಗಿನ ಒಂದು ಲೆಕ್ಕ, ಹೆದರುವ ಕಾಲಿಗೆ ಇನ್ನೊಂದು. ಕ್ಷೌರಿಕರಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಎಲ್ಲರ ಪಾದದ ಸ್ವಭಾವವೂ ಅವರಿಗೆ ಬಾಯಿಪಾಠ.

ಇಂಥವರ ಹೆಂಡತಿ, ನಮ್ಮಕ್ಕ, ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾದಳು. ಕಲಿತದ್ದು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಟೆಸ್ಟಿಗೆ ಒಯ್ದದ್ದು ಭಾವನದು. ಎರಡು ಸಲವೂ ಅದೇ ಏರಿನಲ್ಲಿ ಕಾರು ಗಕ್ಕನೆ ನಿಂತಿತು. ಮಗಳು ಹುಟ್ಟಿದಾಗ ನರ್ಸ್ ಕೆಲಸ ಬಿಟ್ಟಿದ್ದ ಅಕ್ಕನಿಗೆ ಈಗ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಕೆಲಸ ಸಿಕ್ಕಿತ್ತು. ಲೈಸೆನ್ಸ್ ಇಲ್ಲದೆ ಅದು ಕೈಗೆ ಬರುವಂತಿರಲಿಲ್ಲ, ಮತ್ತು ಕೆಲಸ ಕೊಟ್ಟವರು ಇನ್ನೊಂದೇ ಟೆಸ್ಟಿನವರೆಗೆ ಕಾಯುವವರಿದ್ದರು. ಭಾವ ಮಾತ್ರ, ಕ್ಲಚ್ ಬಿಡಲು ಬರದಿದ್ದರೆ ಎಂಜಿನ್ ಏನು ಮಾಡೀತು ಎಂದು ಗೊಣಗುತ್ತಾ ಊಟ ಮುಗಿಸಿದರು. ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಭಾವ, ಊರವರ ಕಾಲೆಲ್ಲ ನೋಡಿದ್ದೀರಿ. ಅಕ್ಕನ ಪಕ್ಕ ಒಂದಿನ ಕೂತಿದ್ದೀರಾ?" ಅಂದೆ.

ಕೂತಿರಲಿಲ್ಲ. ಮರುದಿನ ಬೆಳಿಗ್ಗೆ ಕೂತರು. ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಅಕ್ಕನ ಪಾದ, ಮಗುವಿಗೆ ಸೂಜಿ ಚುಚ್ಚುವಾಗಿನ ಅವಳ ಕೈಯಷ್ಟೇ ಹಗುರ. ಆ ಎಂಜಿನ್ನಿಗೋ ನಿಧಾನವೆಂದರೆ ಆಗದು. ಜೋರು ಓಟಕ್ಕೆಂದು ಭಾವ ಅದರೊಳಗಿನ ಕ್ಯಾಮ್‌ಶಾಫ್ಟ್ ಎಂಬ ದಂಡ ಬದಲಿಸಿ, ಅಗಲದ ಸೈಲೆನ್ಸರ್ ಪೈಪು ಕೂರಿಸಿದ್ದರು. ಮೆಲ್ಲಗೆ ಹೋಗುವಾಗ ಅದಕ್ಕೆ ಎಳೆಯುವ ಶಕ್ತಿಯೇ ಉಳಿದಿರಲಿಲ್ಲ. ಏರಿನಲ್ಲಿ ಕಾರು ಮತ್ತೆ ನಿಂತಿತು. ಭಾವ ಬಹಳ ಹೊತ್ತು ಆ ಪಾದವನ್ನೇ ನೋಡಿದರು.

"ನಿನ್ನ ತಪ್ಪಲ್ಲ ಕಣೇ," ಅಂದರು.

ಆ ವಾರ ಗಿರಾಕಿಗಳಿಗೆಲ್ಲ ಶೆಡ್ಡು ಬಂದ್. ವರ್ಷಗಟ್ಟಲೆ ತಿದ್ದಿ ತೀಡಿದ್ದನ್ನೆಲ್ಲ ಭಾವ ಬಿಚ್ಚಿ, ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಕಂಪನಿಯ ಭಾಗಗಳನ್ನೇ ಮರಳಿ ಕೂರಿಸಿದರು. ಮುಖ ಹರಳೆಣ್ಣೆ ಕುಡಿದವರ ಹಾಗಿತ್ತು. ಅಷ್ಟು ಕೋಪವಿದ್ದ ನನಗೂ ಪಾಪ ಅನಿಸಿತು.

ಮೂರನೇ ಟೆಸ್ಟಿನಲ್ಲಿ ಅಕ್ಕ ಏರನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹತ್ತಿ ಪಾಸಾದಳು. ಮನೆಗೆ ಬರುವಾಗಲೂ ಅವಳೇ ಓಡಿಸಿದಳು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಹಳೆಯ ಗಿರಾಕಿಯೊಬ್ಬ ಗಾಜಿಳಿಸಿ, ಏನಣ್ಣ, ನಿಮ್ಮ ಗಾಡಿಗೆ ನೆಗಡಿಯೇ, ಸದ್ದೇ ಇಲ್ಲವಲ್ಲ ಎಂದು ನಕ್ಕ. ತಮ್ಮ ಕಾರಿನ ಬಗ್ಗೆ ಅರ್ಧ ಮಾತು ಬಂದರೂ ಜಗಳಕ್ಕೆ ನಿಲ್ಲುವ ಭಾವ ಆರಾಮಾಗಿ ಸೀಟಿಗೊರಗಿದರು.

"ನನ್ನ ಗಾಡಿ ಎಲ್ಲಿದೆ? ಇದು ಇವಳದು."

ಭಾವನತ್ತಲೇ ನೋಡುತ್ತಿದ್ದ ಅಕ್ಕನಿಗೆ ಹಸಿರು ದೀಪ ಬಿದ್ದದ್ದು ಕಾಣಲೇ ಇಲ್ಲ. ಹಿಂದಿನವರು ಹಾರನ್ ಹೊಡೆಯಬೇಕಾಯಿತು.