ಮ್ಯಾಲಿನ ಗೌಡನ ಮಗ

ಹೋದ ವಾರ ಹಲ್ಲು ನೋವು ಬಂತು. ಬಾದಾಮಿ ಊರಿನ ಔಷಧಿ ಅಂಗಡಿಯವನು ಲವಂಗದ ಎಣ್ಣೆಯ ಸಣ್ಣ ಬಾಟಲಿ ಕೊಟ್ಟ. ಹತ್ತಿಯಲ್ಲಿ ಅದ್ದಿ ಹಲ್ಲಿಗೆ ಇಟ್ಟುಕೊಂಡೆ. ವಾಸನೆ ಮೂಗಿಗೆ ಹೊಡೆದ ಕೂಡಲೇ ಹಲ್ಲು ಮರೆತು ಹೋಯಿತು, ಕಾಕಾ ನೆನಪಾದ. ಕಡೆಕಡೆಗೆ ಅವನ ಬಾಯಿಂದ, ಅಂಗಿಯಿಂದ, ಅವನು ಕೊಡುವ ಚಹಾದ ಗ್ಲಾಸಿನಿಂದ ಕೂಡ ಇದೇ ವಾಸನೆ ಬರುತ್ತಿತ್ತು…

ಕಾಕಾ ಅಂದರೆ ನಮ್ಮಪ್ಪನ ತಮ್ಮ ಅಲ್ಲ. ಕುಳಗೇರಿ ಕ್ರಾಸಿನಲ್ಲಿ ನನ್ನ ಪಂಕ್ಚರ್ ಅಂಗಡಿಯ ಬಾಜೂಕ್ಕೆ ಚಹಾದ ಅಂಗಡಿ ಇಟ್ಟಿದ್ದವನು. ಕ್ರಾಸಿನಲ್ಲಿ ಎಲ್ಲರೂ ಅವನಿಗೆ ಕಾಕಾ ಅನ್ನುತ್ತಿದ್ದರು, ಅವನಿಗಿಂತ ದೊಡ್ಡವರು ಕೂಡ. ಅವನ ಹೆಂಡತಿಗೆ ನಾನು ಚಿಗವ್ವ ಅನ್ನುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಅವಳು ಹಿಂದೆ ಕೂತು ಭಜಿ ಕರಿಯುತ್ತಿದ್ದಳು, ಅವನು ಮುಂದೆ ನಿಂತು ಚಹಾ ಸೋಸುತ್ತಿದ್ದ. ಖರೆ ಹೇಳಬೇಕಂದರೆ ಚಹಾ ಚಲೋ ಇರಲಿಲ್ಲ. ಎದುರಿನ ಅಂಗಡಿಯ ಚಹಾ ಇದಕ್ಕಿಂತ ಎಷ್ಟೋ ವಾಸಿ. ಆದರೂ ಸಂಜೆಯಾದರೆ ಮಂದಿ ಇಲ್ಲೇ ಕೂಡುತ್ತಿದ್ದರು. ಟಿವಿ ಇತ್ತು. ಟಿವಿ ಎದುರಿನವನ ಹತ್ತಿರವೂ ಇತ್ತು. ಕಾಕಾನ ಬಾಯಿ ಅವನ ಹತ್ತಿರ ಇರಲಿಲ್ಲ.

ಸಂಜೆ ಹೊತ್ತಿಗೆ ಒಂದು ಧಾರಾವಾಹಿ ಬರುತ್ತಿತ್ತು. ಹೊರದೇಶದ್ದು, ಮೇಲೆ ಹಿಂದಿ ಮಾತು ಕೂಡಿಸಿದ್ದು. ಗ್ರೀಸ್ ಅನ್ನುವ ದೇಶದ ದೇವರುಗಳು, ರಾಕ್ಷಸರು, ಕತ್ತಿ, ಸಿಡಿಲು. ಅಲ್ಲಿಯ ಪುರಾಣ ಅಂತಿದ್ದರು. ನೋಡಿದರೆ ಅರ್ಧ ಟಿವಿಯವರೇ ಕಟ್ಟಿದ ಹಾಗೆ ಕಾಣುತ್ತಿತ್ತು. ಕ್ರಾಸಿನಲ್ಲಿ ಹಿಂದಿ ಪೂರಾ ತಿಳಿಯುವವನು ಕಾಕಾ ಒಬ್ಬನೇ. ಹುಡುಗನಿದ್ದಾಗ ಪುಣೆಯ ಹೋಟೆಲಿನಲ್ಲಿ ಕೆಲಸ ಮಾಡಿದ್ದ. ಅದಕ್ಕೇ ಟಿವಿಯಲ್ಲಿ ಅವರು ಒಂದು ಮಾತಾಡಿದರೆ ಇಲ್ಲಿ ಕಾಕಾ ಒಂದು ಮಾತಾಡುತ್ತಿದ್ದ. ಆ ದೇವರ ಹೆಸರು ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲ. ಕಾಕಾ ಹೆಸರನ್ನೇ ತೆಗೆದು ಹಾಕಿದ. ಮೋಡದ ಮೇಲೆ ಕೂತು ಸಿಡಿಲು ಒಗೆಯುವವನು ಮ್ಯಾಲಿನ ಗೌಡ. ಸತ್ತವರ ಲೋಕ ನೋಡಿಕೊಳ್ಳುವವನು ಕೆಳಗಿನ ಸಾವ್ಕಾರ. ಕತ್ತಿ ಹಿಡಿದು ಊರೂರು ತಿರುಗುವ ಹುಡುಗ ಗೌಡನ ಮಗ. ಗೌಡನಿಗೆ ಭೂಮಿಯ ಹೆಣ್ಣುಮಗಳಲ್ಲಿ ಹುಟ್ಟಿದವನು, ಆದರೆ ಗೌಡ ಅವನನ್ನು ಮನೆಗೆ ಕರೆದುಕೊಂಡಿಲ್ಲ. ಇಷ್ಟೇ ಕತೆ. ಒಂದೇ ದಿನದಲ್ಲಿ ಎಲ್ಲರಿಗೂ ತಿಳಿಯಿತು.

ಅಂಗಡಿಗಳಿಗೆ ಜೋಳದ ರೊಟ್ಟಿ ಕೊಡುತ್ತಿದ್ದ ಒಬ್ಬ ಹೆಣ್ಣುಮಗಳು ಬುಟ್ಟಿ ಖಾಲಿ ಮಾಡಿ ಬಂದು ಮುಂದೇ ಕೂಡುತ್ತಿದ್ದಳು.

"ಕಾಕಾ, ಆ ಗ್ರೀಸ್ ಎಲ್ಲಿ ಬರತೈತೋ?" ಅಂತ ಕೇಳಿದಳು.

"ಸೊಲ್ಲಾಪುರ ದಾಟಿ ಭಾಳ ಮುಂದ."

"ಬಸ್ ಐತೇನು?"

"ನಿನ್ನ ಗಂಡ ಬಿಟ್ರ ಹೋಗು, ನಾ ಹತ್ತಿಸಿ ಬರ್ತೇನಿ."

ಒಂದು ಸಂಜೆ ಎತ್ತಿನ ತಲೆಯ ಮನುಷ್ಯ ಬಂದ. ಕತ್ತಲೆ ಗುಹೆ, ಒಳಗೆ ಆ ಎತ್ತಿನ ತಲೆ, ಕೊಂಬು, ಬುಸುಬುಸು. ಗೌಡನ ಮಗ ಕತ್ತಿ ಎತ್ತಿದ. ಹಣೆ ತುಂಬ ವಿಭೂತಿ ಹಚ್ಚುವ ಒಬ್ಬ ಅಜ್ಜ ದಿನಾ ಬರುತ್ತಿದ್ದ. ನಮ್ಮ ಕಡೆ ಎತ್ತು ಅಂದರೆ ಬಸವಣ್ಣ. ಅಜ್ಜ ಎದ್ದು ನಿಂತ.

"ಏ, ಬಸವಣ್ಣನ್ನ ಹೊಡಿತಾನೇನಲೇ ಅವ?"

ಕಾಕಾ ಕೆಟಲ್ ಮೇಲಿನ ಕಣ್ಣು ತೆಗೆಯಲಿಲ್ಲ. "ಹೊಡಿಯೂದಿಲ್ರಿ ಯಜ್ಜಾ. ಮೂಗುದಾಣ ಹಾಕಾಕತ್ತಾನ."

"ಮತ್ತ ಕತ್ತಿ ಯಾಕ ಹಿಡದಾನ?"

"ಹಗ್ಗ ಕೊಯ್ಯಾಕ್ರಿ."

ಅಷ್ಟರಲ್ಲಿ ಟಿವಿ ತುಂಬ ರಕ್ತ. ಅಜ್ಜ ಬೆರಳು ಮಾಡಿ ತೋರಿಸಿದ. "ಅದೇನಲೇ ಕೆಂಪಂದು?"

"ಅವರೂರಾಗ ಇವತ್ತ ಕಾರಹುಣ್ಣಿವಿ ಐತ್ರಿ. ಎತ್ತಿಗೆ ಬಣ್ಣಾ ಬಡದಾರ."

ಅಜ್ಜ ಕೂತ. "ಹಂಗಾರ ಚಲೋ," ಅಂದ. ನಾವೆಲ್ಲ ಟವೆಲ್ ಬಾಯಿಗೆ ಹಿಡಿದು ನಕ್ಕೆವು. ಮರುದಿನ ಅಜ್ಜ ಆ ಎತ್ತಿನ ಸಮಾಚಾರ ಕೇಳಿದ. ಹೊಲ ಹರಗಲು ಹೋಗಿದೆ ಅಂತ ಕಾಕಾ ಹೇಳಿದ.

ಕಾಕಾ ಹಿಂಗೆ ಎಷ್ಟು ಕಡೆ ತಿರುಗಿಸಿ ಹೇಳಿದನೋ ನಮಗೆ ಗೊತ್ತಿಲ್ಲ. ಧಾರಾವಾಹಿಯ ಕಡೆಯ ದಿನ ಹುಡುಗ ಮೋಡ ಹತ್ತಿ ಗೌಡನ ಬಾಗಿಲಿಗೆ ಹೋಗಿ ನಿಂತ. ಗೌಡ ಹೊರಗೆ ಬಂದ. ಏನೋ ಅಂದ. ಕಾಕಾ ಸ್ವಲ್ಪ ತಡೆದು ಹೇಳಿದ, "ಬಾರೋ ಮಗನ, ಕೈಕಾಲು ತೊಳಕೋ, ಉಣ್ಣಾಕ ಬಾ ಅಂದಾ." ರೊಟ್ಟಿಯವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವತ್ತು ಬಸ್ ತಪ್ಪಿಸಿಕೊಂಡವರು ಇದ್ದರು.

ಅವನಿಗೆ ಒಂದು ಚಟ. ದವಡೆಯಲ್ಲಿ ತಂಬಾಕು ಸುಣ್ಣ. ಕತೆ ಜೋರಿದ್ದಾಗ ಎದ್ದು ಹೋಗಿ ಉಗುಳಿ ಬರುತ್ತಿದ್ದ, ನಾವು ಅಲ್ಲಿಯವರೆಗೆ ಬಾಯಿ ತೆಗೆದುಕೊಂಡು ಕೂಡುತ್ತಿದ್ದೆವು.

ಮೊದಲು ನಾಲಿಗೆಯ ಬದಿಗೆ ಬಿಳಿ ಮಚ್ಚೆ. ಆಮೇಲೆ ಹುಣ್ಣು. ಖಾರ ತಿನ್ನಲು ಆಗುತ್ತಿರಲಿಲ್ಲ. ಮಾತು ದಪ್ಪ ಆಯಿತು. ಟೆಂಪೊ ಹುಡುಗರು ಚೇಷ್ಟೆ ಮಾಡಿದರು: "ಏನ್ ಕಾಕಾ, ಬಾಯಾಗ ಬಿಸಿ ಭಜಿ ಇಟ್ಕೊಂಡಿಯೇನು?" ಅವನೂ ನಗುತ್ತಿದ್ದ. ಲವಂಗದ ಎಣ್ಣೆ ಹಚ್ಚಿಕೊಂಡು ಮತ್ತೆ ಕತೆ ಹೇಳುತ್ತಿದ್ದ. ಅದೇ ಧಾರಾವಾಹಿಯನ್ನು ಆಗ ಮತ್ತೆ ಮೊದಲಿಂದ ಹಾಕುತ್ತಿದ್ದರು.

ಚಿಗವ್ವ ನನಗೆ ಗಂಟುಬಿದ್ದು ಕಾಕಾನನ್ನು ಬಾಗಲಕೋಟೆಯ ದವಾಖಾನೆಗೆ ಕಳಿಸಿದಳು. ನಾನೇ ಕರೆದುಕೊಂಡು ಹೋದೆ. ತುಣುಕು ತೆಗೆದು ತಪಾಸಣೆಗೆ ಕಳಿಸಿದರು. ಎರಡನೇ ಸಲ ಹೋದಾಗ ಡಾಕ್ಟರು ಸುತ್ತಿಬಳಸಿ ಹೇಳಲಿಲ್ಲ. ಕ್ಯಾನ್ಸರ್. ಈಗಲೇ ನಾಲಿಗೆಯ ಒಂದು ಭಾಗ ತೆಗೆದರೆ ಜೀವ ಉಳಿಯುತ್ತದೆ. ಮಾತು ಮೊದಲಿನ ಹಾಗೆ ಬರುವುದಿಲ್ಲ. ತಡ ಮಾಡಿದರೆ ತೆಗೆದೂ ಉಪಯೋಗ ಇಲ್ಲ.

ಬಸ್ಸಿನಲ್ಲಿ ಕಾಕಾ ಕಿಟಕಿ ಹಿಡಿದು ಕೂತ. ನನಗೆ ಸಮಾಧಾನ ಮಾಡುವ ಮಾತು ಬರುವುದಿಲ್ಲ.

"ಕಾಕಾ, ಕೊಯ್ಸ್ಕೊ," ಅಂದೆ. "ನಾಲಿಗಿ ಇಲ್ದಿದ್ರೂ ಚಹಾ ಮಾಡಬಹುದು."

"ಚಹಾ ಯಾರ ಬೇಕಾದ್ರೂ ಮಾಡ್ತಾರಲೇ," ಅಂದ.



ಸುದ್ದಿ ಕ್ರಾಸಿನಲ್ಲಿ ಹಬ್ಬಿತು. ಒಬ್ಬನೂ ಕೊಯ್ಯಿಸಿಕೊ ಅನ್ನಲಿಲ್ಲ. ಕೆಟ್ಟವರಲ್ಲ ಅವರು. ಕಾಕಾನ ಮೇಲೆ ಪ್ರೀತಿ ಇದ್ದವರೇ. "ನಾಲಿಗಿ ಕೊಯ್ಯಾಕ ಕೊಟ್ರ ನಮಗ ಕತಿ ಹೇಳವ್ರು ಯಾರು?" ಅಂದರು. "ಹುಣ್ಣಿಗೆ ಯಾರಾರ ನಾಲಿಗಿ ಕೊಯ್ತಾರೇನು?" ಅಂದರು. ಹೊಳೆಯ ದಂಡೆಯ ಒಂದು ಊರಲ್ಲಿ ಬೇರಿನ ಔಷಧ ಕೊಡುವವನು ಇದ್ದಾನೆ, ಎಂಥೆಂಥ ಹುಣ್ಣು ಉದುರಿವೆ ಅಂತ ಒಬ್ಬ ಹೇಳಿದ. ವಿಭೂತಿ ಅಜ್ಜ ಕೂಡ ತಲೆ ಮೇಲೆ ಕೈ ಇಟ್ಟು, "ಹೋಗಿ ಬಾ, ಬಸವಣ್ಣ ಅದಾನ," ಅಂದ. ಕಾಕಾನಿಗೆ ಬೇಕಾದದ್ದು ಅದೇ ಮಾತು. ಎಲ್ಲರೂ ಅದನ್ನೇ ಕೊಟ್ಟರು. ಡಾಕ್ಟರು ಒಬ್ಬರು, ಚಿಗವ್ವ ಒಬ್ಬಳು, ನಾನೊಬ್ಬ. ನಮ್ಮ ಮಾತು ಎಲ್ಲಿ ನಡೆಯಬೇಕು?

ಚಿಗವ್ವ ಒಂದು ಸಂಜೆ ನನ್ನ ಅಂಗಡಿಗೆ ಬಂದು ಟಯರಿನ ಮೇಲೆ ಕೂತಳು. "ನನಗ ಮೂಕ ಗಂಡ ಇದ್ರೂ ನಡಿತೈತೋ ತಮ್ಮಾ. ಇರ್ಲಿ ಸಾಕು. ನೀನಾರ ಹೇಳು."

ಹೇಳಿದೆ. ಬೈದೆ. ಒಂದು ಸಲ ಅಂಗಿ ಹಿಡಿದು ಬಸ್ ಹತ್ತಿಸಲು ಹೋದೆ. ಅವನು ಕೈ ಬಿಡಿಸಿಕೊಂಡು ಬಂದು ಒಲೆ ಹಚ್ಚಿದ. ದೊಡ್ಡ ಮನುಷ್ಯನನ್ನು ಕೈಕಾಲು ಕಟ್ಟಿ ದವಾಖಾನೆಗೆ ಒಯ್ಯಲು ಆಗುವುದಿಲ್ಲ. ಕಡೆಗೆ ಹೊಳೆಯ ದಂಡೆಯ ಊರಿಗೂ ನನ್ನ ಗಾಡಿಯ ಮೇಲೆ ನಾನೇ ಒಯ್ದೆ. ನಾನು ಒಯ್ಯದಿದ್ದರೆ ಇನ್ನೊಬ್ಬ ಒಯ್ಯುತ್ತಿದ್ದ. ಕಾಕಾ ಬೇರು ತೇಯ್ದು ಹಚ್ಚಿಕೊಂಡ. ಚೀಪಿದ. ಬೇಸಿಗೆ ಹೋಯಿತು, ಮಳೆ ಬಂತು… ಹುಣ್ಣು ಉದುರಲಿಲ್ಲ. ಕುತ್ತಿಗೆಗೆ ಗಂಟು ಬಂತು. ಮತ್ತೆ ಬಾಗಲಕೋಟೆಗೆ ಹೋದಾಗ ಅದೇ ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿ, ಕುರ್ಚಿಯಲ್ಲಿ ಹಿಂದಕ್ಕೆ ಕೂತರು. ಅವರು ಬಯ್ಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಆಮೇಲೆ ಕಾಕಾನ ಮಾತು ದಿನಾ ಇಷ್ಟಿಷ್ಟೇ ಹೋಯಿತು. ಮೊದಲು ನಮಗೆ ಅರ್ಧ ತಿಳಿಯುತ್ತಿತ್ತು. ಆಮೇಲೆ ಚಿಗವ್ವನಿಗೆ ಮಾತ್ರ. ಆಮೇಲೆ ಅವಳಿಗೂ ಇಲ್ಲ. ಅವನಿಗೆ ಬರೆಯಲು ಬರುತ್ತಿರಲಿಲ್ಲ. ಆದರೂ ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದ. ಬಾಯಿಗೆ ಟವೆಲ್ ಸುತ್ತಿಕೊಂಡು ಚಹಾ ಸೋಸುತ್ತಿದ್ದ. ಟಿವಿ ಹಿಂದಿಯಲ್ಲಿ ಒದರುತ್ತಿತ್ತು, ಮಂದಿ ಸುಮ್ಮನೆ ಚಿತ್ರ ನೋಡಿ ಹೋಗುತ್ತಿದ್ದರು.

ಅಷ್ಟರಲ್ಲಿ ಮೊಬೈಲ್ ಅಂಗಡಿಯ ಹುಡುಗ ಒಬ್ಬ ಓಡಿ ಬಂದ. ಅದೇ ಧಾರಾವಾಹಿ ಬೇರೆ ಚಾನೆಲ್ಲಿನಲ್ಲಿ ಕನ್ನಡದಲ್ಲಿ ಬರುತ್ತಿದೆ ಅಂದ. "ಇನ್ನ ಕಾಕಾಗ ತ್ರಾಸಿಲ್ಲ," ಅಂತ ತಾನೇ ಹಾಕಿಕೊಟ್ಟ. ಅವನ ಮನಸ್ಸು ಚಲೋದೇ. ಕಾಕಾ ತಲೆ ಆಡಿಸಿದ.

ಎಲ್ಲರೂ ಕೂಡಿದರು. ಮಾತೆಲ್ಲ ತಿಳಿಯುತ್ತಿತ್ತು. ಆದರೆ ಏನೋ ಸರಿ ಹೋಗಲಿಲ್ಲ. "ಇವ್ರು ಯಾಕ ಹಿಂಗ ಮಾತಾಡ್ತಾರಲೇ, ಸಾಲಿ ಮಾಸ್ತರ ಇದ್ದಂಗ?" ಅಂದ ಒಬ್ಬ ಡ್ರೈವರ್. ದಿನ ಕಳೆದಂತೆ ಅರ್ಧ ಮಂದಿ ಟಿವಿ ಕೆಳಗೆ ಕೂತು ಕೈಯಲ್ಲಿ ಫೋನ್ ನೋಡತೊಡಗಿದರು. ಕಾಕಾ ಅದನ್ನೆಲ್ಲ ಒಲೆಯ ಹಿಂದಿನಿಂದ ನೋಡುತ್ತಿದ್ದ. ಯಾವ ಬಾಯಿಗಾಗಿ ಜೀವ ಬಿಡಲು ತಯಾರಾದನೋ ಆ ಬಾಯಿ ಈಗ ಯಾರಿಗೂ ಬೇಕಾಗಿರಲಿಲ್ಲ. ಇದನ್ನು ಅವನಿಗೆ ಯಾರೂ ಹೇಳಲಿಲ್ಲ. ಹೇಳುವುದೇ ಬೇಕಿರಲಿಲ್ಲ.

ಕಡೆಯ ಭಾಗ ಬಂತು. ಹುಡುಗ ಮೋಡ ಹತ್ತಿ ಬಾಗಿಲಲ್ಲಿ ನಿಂತ. ಗೌಡ ಹೊರಗೆ ಬಂದ. ಚಂದದ ಕನ್ನಡದಲ್ಲಿ ಅಂದ: "ಎಲೈ ಪುತ್ರನೇ, ಈ ಲೋಕದಲ್ಲಿ ನಿನಗೆ ಸ್ಥಾನವಿಲ್ಲ. ಹಿಂದಿರುಗು."

ರೊಟ್ಟಿಯವಳು ತಿರುಗಿದಳು. "ಕಾಕಾ, ಉಣ್ಣಾಕ ಕರದಿದ್ನಲ್ಲೋ ಅವ!"

ಎಲ್ಲರೂ ಕಾಕಾನ ಕಡೆ ನೋಡಿದರು. ಕಾಕಾ ಟವೆಲ್ ಬಿಚ್ಚಿದ. ಏನೋ ಹೇಳಲು ಹೋದ. ಗೊರಗೊರ ಸಪ್ಪಳ ಬಂತು, ಜೊಲ್ಲು ಬಂತು, ಜೊಲ್ಲಿನಲ್ಲಿ ರಕ್ತ. ಚಿಗವ್ವ ಓಡಿ ಬಂದು ಟವೆಲ್ ಮತ್ತೆ ಕಟ್ಟಿದಳು. ವಿಭೂತಿ ಅಜ್ಜ ಕೋಲು ಊರಿ ಎದ್ದ. "ಇವ್ರಿಗೆ ಕತಿ ಹೇಳಾಕ ಬರೂದಿಲ್ಲ. ಬಂದ್ ಮಾಡಲೇ ಅದನ್ನ," ಅಂದ. ಮೊಬೈಲ್ ಅಂಗಡಿಯ ಹುಡುಗ ಬಂದ್ ಮಾಡಿದ. ಯಾರೂ ಏಳಲಿಲ್ಲ. ಕರಿ ಟಿವಿಯ ಎದುರು ಹಾಗೇ ಕೂತಿದ್ದೆವು. ಬಸ್ಸು ಬಂದು ಹಾರನ್ ಹೊಡೆದ ಮೇಲೆ ಒಬ್ಬೊಬ್ಬರೇ ಎದ್ದರು…

ಆಮೇಲೆ ಕಾಕಾ ಅಂಗಡಿಗೆ ಬರಲಿಲ್ಲ. ಹಿಂದಿನ ಕೋಣೆಯಲ್ಲಿ ಮಲಗಿದ್ದ. ಒಂದು ಮಧ್ಯಾಹ್ನ ಚಿಗವ್ವ ಕೂಗಿದಳು. ಹೋದೆ. ಕಾಕಾ ನನ್ನ ಮುಂಗೈ ಹಿಡಿದ. ಜೋರಾಗಿ ಹಿಡಿದ. ಕಣ್ಣು ನನ್ನ ಮೇಲೆ ಇಟ್ಟು ಮಾತಾಡಿದ. ಒಂದು ಮಾತಲ್ಲ, ಉದ್ದಕ್ಕೆ. ನಡುವೆ ನಿಲ್ಲಿಸಿ, ನನಗೆ ತಿಳಿಯಿತೋ ಇಲ್ಲವೋ ನೋಡಿ, ಮತ್ತೆ ಅದನ್ನೇ ಹೇಳಿದ. ನಾನು ಕಿವಿ ಅವನ ಬಾಯಿಗೆ ಹಚ್ಚಿದೆ. ಒಂದು ಅಕ್ಷರ ಸಿಗಲಿಲ್ಲ. ಬೇರೆ ಯಾರಾದರೂ ಇದ್ದಿದ್ದರೆ ಹೂಂ ಅನ್ನುತ್ತಿದ್ದರೋ ಏನೋ. ನನಗೆ ಆಗಲಿಲ್ಲ. ಕಾಕಾ ಕೈ ಬಿಟ್ಟು ಗೋಡೆ ಕಡೆ ಹೊರಳಿದ.

"ಏನಂದಾ?" ಚಿಗವ್ವ ಕೇಳಿದಳು.

"ತಿಳೀಲಿಲ್ಲ ಚಿಗವ್ವ."

ಎರಡು ದಿನಕ್ಕೆ ಹೋದ.

ಈಗ ಅಂಗಡಿ ಚಿಗವ್ವ ಒಬ್ಬಳೇ ನಡೆಸುತ್ತಾಳೆ. ಚಹಾ ಮೊದಲಿಗಿಂತ ಚಲೋ ಇದೆ. ಟಿವಿ ತೆಗೆಸಿಬಿಟ್ಟಳು. ಸಂಜೆ ಬಸ್ ಕಾಯುವವರು ಬರುತ್ತಾರೆ, ಕುಡಿದು ಹೋಗುತ್ತಾರೆ. ಹಲ್ಲು ನೋವಿನ ದಿನ ನಾನೂ ಹೋಗಿ ಕೂತೆ. ನನ್ನ ದವಡೆಯ ಹತ್ತಿ ನೋಡಿ ಅವಳು ಗ್ಲಾಸು ಕೆಳಗಿಟ್ಟಳು. ಆಮೇಲೆ ಕೇಳಿದಳು.

"ಖರೇನ ಏನೂ ತಿಳೀಲಿಲ್ಲೇನೋ ತಮ್ಮಾ ಅವತ್ತ? ಒಂದಾರ ಮಾತು?"

ಎಷ್ಟು ಸಲ ಕೇಳಿದ್ದಾಳೋ. ನಾನೂ ಎಷ್ಟೋ ಸಲ ಟಯರು ಬಿಚ್ಚುತ್ತಾ ಆ ಸಪ್ಪಳವನ್ನು ಹಿಂದೆ ಮುಂದೆ ಮಾಡಿ ನೋಡಿದ್ದೇನೆ. ಅದರಿಂದ ಒಂದು ಮಾತು ಹುಟ್ಟಿಲ್ಲ.

"ಇಲ್ಲ ಚಿಗವ್ವ," ಅಂದೆ.

ಅವಳು ತಲೆ ಆಡಿಸಿ, ಗಿರಾಕಿ ಕರೆದರು ಅಂತ ಎದ್ದು ಹೋದಳು.