ಕಂಬಕ್ಕೆ ಒರೆಸಿದ ಸುಣ್ಣ

ಮೊನ್ನೆ ಬಟ್ಟೆ ಒಣಹಾಕುವಾಗ ಜೇನುಹುಳವೊಂದು ಮುಂಗೈಗೆ ಕಚ್ಚಿತು. ಉಗುರಿನಿಂದ ಮುಳ್ಳು ಕೆರೆದು ತೆಗೆಯುವಷ್ಟರಲ್ಲಿ ಪಕ್ಕದ ಮನೆಯಾಕೆ ಬೆರಳ ತುದಿಯಲ್ಲಿ ಸುಣ್ಣ ಹಿಡಿದು ಓಡಿಬಂದರು. ಒದ್ದೆ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಎಲ್ಲಿತ್ತೋ ಆ ಸಿಟ್ಟು, ಅವರ ಕೈಯನ್ನೇ ತಳ್ಳಿಬಿಟ್ಟೆ. ಪಾಪ, ಆಕೆ ಒಳ್ಳೆಯದಕ್ಕೇ ಬಂದಿದ್ದರು. ನಾವೂ ಅವತ್ತು ಒಳ್ಳೆಯದಕ್ಕೇ ಸೇರಿದ್ದೆವು...

ಕೃಷ್ಣಮೂರ್ತಿಪುರಂನಲ್ಲಿ ನಾವಿದ್ದ ಬೀದಿಯ ತಿರುವಿನಲ್ಲಿ ಒಂದು ವೀಳ್ಯದೆಲೆ ಅಂಗಡಿ ಇತ್ತು. ಅದನ್ನು ನಡೆಸುತ್ತಿದ್ದವರನ್ನು ಬೀದಿಗೆ ಬೀದಿಯೇ ಎಲೆಯಮ್ಮ ಎನ್ನುತ್ತಿತ್ತು. ಇರುವೆ, ಜೇನು, ಕಡಜ, ಏನೇ ಕಚ್ಚಲಿ, ನಾವು ಓಡುತ್ತಿದ್ದದ್ದು ಅವರ ಹತ್ತಿರ. ಸುಣ್ಣದ ಡಬ್ಬಿಗೆ ಬೆರಳದ್ದಿ ಒಂದು ಬೊಟ್ಟು ಇಟ್ಟು, ಉಳಿದದ್ದನ್ನು ಅಂಗಡಿಯ ಮರದ ಕಂಬಕ್ಕೆ ಒರೆಸುತ್ತಿದ್ದರು. ಎಲೆ ಹಾಕಿಕೊಳ್ಳುವವರೂ ಅಲ್ಲೇ ಒರೆಸಿ ಒರೆಸಿ ಕಂಬ ಬೆಳ್ಳಗಾಗಿತ್ತು.

ಬೊಟ್ಟಿಟ್ಟು ಸುಮ್ಮನೆ ಕಳಿಸುತ್ತಿರಲಿಲ್ಲ. ಪ್ರತಿ ಸಲವೂ ಅದೇ ಮಾತು: "ಕಚ್ಚಿದ್ ಜಾಗ ಊದ್ಕಂಡ್ರೆ ನನ್ನತ್ರ ಬನ್ನಿ ಕಣವ್ವ. ತುಟಿ ಊದ್ಕಂಡ್ರೆ ಮಾತ್ರ ಸುಣ್ಣಗಿಣ್ಣ ಅಂತ ಕೂರ್ಬ್ಯಾಡಿ, ಆಸ್ಪತ್ರೆಗೆ ಓಡಿ." ಅವರ ತಂಗಿಯೊಬ್ಬಳು ಹಾಗೇ ಹೋಗಿದ್ದಳಂತೆ. ನಾವು ಹೂಂಗುಟ್ಟುತ್ತಿದ್ದೆವು. ಕೈ ಚಾಚಿದವರೇ ಎಲ್ಲ, ಕಿವಿಗೊಟ್ಟವರು ಒಬ್ಬರಾದರೂ ಇದ್ದೆವೇ?

ಅಂಗಡಿಯ ಸೂರಿನಡಿ ಕಡಜ ಗೂಡು ಕಟ್ಟಿತ್ತು. ತೆಗೆಸಿಕೊಡಿ ಎಂದು ಕಟ್ಟಡದ ಯಜಮಾನರಿಗೆ ಎಷ್ಟು ಸಲ ಹೇಳಿದ್ದರೋ. "ಅದರ ಪಾಡಿಗೆ ಅದಿದೆ, ನಿಮಗೇನಮ್ಮ ತೊಂದ್ರೆ?" ಎಂದು ಆತ ನಕ್ಕಿದ್ದನ್ನು ನಾನೇ ಕೇಳಿದ್ದೇನೆ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಒಂದು ಬೆಳಿಗ್ಗೆ, ಪೂಜೆಗೆ ಎಲೆ ತರಲು ಹೋಗಿದ್ದೆ. ನನ್ನ ಕಣ್ಣೆದುರಿಗೇ ಕಡಜ ಎಲೆಯಮ್ಮನ ಮೊಣಕೈಗೆ ಕಚ್ಚಿತು. ಚೀರಿದ್ದು ಕೇಳಿ ಜನ ಸೇರಿದರು. ಒಬ್ಬರು ಈರುಳ್ಳಿ ತಂದರು, ಇನ್ನೊಬ್ಬರು ಬೀಗದ ಕೈಯಿಂದ ಉಜ್ಜಿದರು. ನಾನು ಅವರ ಡಬ್ಬಿಯದೇ ಸುಣ್ಣ ತೆಗೆದು ಮೊಣಕೈ ತುಂಬ ಬಳಿದೆ. ಅವರು ನನ್ನ ಕೈ ತಳ್ಳಿದರು. ಉರಿಗೆ ಹಾಗೆ ಮಾಡುತ್ತಿದ್ದಾರೆ ಅಂದುಕೊಂಡು "ಸ್ವಲ್ಪ ತಡ್ಕೊಳ್ಳಿ ಅಮ್ಮ" ಎಂದೆ. ನಾನು, ಅವರಿಗೆ!

ಅಷ್ಟರಲ್ಲಾಗಲೇ ಅವರಿಗೆ ದನಿ ಹೊರಡುತ್ತಿರಲಿಲ್ಲ. ಬೆರಳಿನಿಂದ ತುಟಿ ಮುಟ್ಟಿ ತೋರಿಸಿದರು. "ನೀರು ಕೇಳ್ತಾವ್ರೆ, ನೀರು ತನ್ನಿ" ಎಂದರು ಯಾರೋ. ಚೊಂಬನ್ನು ತಳ್ಳಿ ಮತ್ತೆ ತುಟಿ ಮುಟ್ಟಿದರು, ರಸ್ತೆ ಕಡೆ ಕೈ ಮಾಡಿದರು. "ಮನೆಗೆ ಹೋಗ್ಬೇಕಂತೆ" ಎಂದು ಇನ್ನೊಬ್ಬರು ಅರ್ಥ ಹೇಳಿದರು. ತುಟಿ ಬಾತುಕೊಂಡಿತ್ತು. ವರ್ಷಗಟ್ಟಲೆ ನಮಗೆ ಹೇಳಿಕೊಟ್ಟದ್ದನ್ನೇ ಅವರು ಕೈಯಲ್ಲಿ ಹೇಳುತ್ತಿದ್ದರು. ಎದುರಿಗೇ ಆಟೊ ನಿಂತಿತ್ತು.

ಕೊನೆಗೆ ಅದೇ ಆಟೊದಲ್ಲಿ ಕರೆದುಕೊಂಡು ಹೋದೆವು. "ಇಷ್ಟೊತ್ತು ಏನ್ ಮಾಡ್ತಿದ್ರಿ?" ಎಂದು ಡಾಕ್ಟರು ಕೇಳಿದರು. ಬೀದಿಗೆ ವಾಪಸಾದ ಮೇಲೆ ಮಾತ್ರ ಎಲ್ಲರಿಗೂ ಬಾಯಿ ಬಂತು. ಆಯಸ್ಸು ಅಷ್ಟೇ ಇತ್ತಂತೆ. ಆಯಸ್ಸಂತೆ ಆಯಸ್ಸು! ಮೂರನೇ ದಿನ ಆ ಯಜಮಾನರು ಗೂಡು ತೆಗೆಸಿದರು.

ಪಕ್ಕದ ಮನೆಯಾಕೆಗೆ ತಪ್ಪಾಯಿತು ಎಂದು ಹೇಳಿ, ಇವತ್ತು ಆ ತಿರುವಿಗೆ ಹೋಗಿದ್ದೆ. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕಂಬ ಮಾತ್ರ ಹಾಗೇ ಇದೆ, ಸುಣ್ಣದ ಗೀರುಗಳೂ ಇವೆ. ಎಲೆಯಮ್ಮನವು ಯಾವುವೋ ಗೊತ್ತಾಗಲಿಲ್ಲ... ನನ್ನದೂ ಒಂದು ಅಲ್ಲೇ ಎಲ್ಲೋ ಇದೆ. ಅವತ್ತು ಅವರು ಉಸಿರಿಗೆ ಒದ್ದಾಡುತ್ತಿದ್ದಾಗ, ಸೀರೆಗೆ ಆದೀತೆಂದು, ಕೈಯಲ್ಲಿ ಉಳಿದ ಸುಣ್ಣವನ್ನು ನಾನು ಆ ಕಂಬಕ್ಕೆ ಒರೆಸಿದ್ದೆ.